ಗೋರಿಗಳ ನಡುವಿನ ಮೇವು

ಸ್ಮಶಾನದ ಕಾವಲುಗಾರನ ಆಡು, ಹೊಸ ಗೋರಿಯೊಂದರ ಮೇಲಿದ್ದ ಹೂವಿನ ಚಕ್ರವನ್ನು ರಿಬ್ಬನ್ನಿನ ಸಮೇತ ತಿಂದುಬಿಟ್ಟಿತು. ಕಣ್ಣಾರೆ ಕಂಡವಳು ಸತ್ತವನ ಹೆಂಡತಿ. ಆಕೆ ನೆಟ್ಟಗೆ ಪುರಸಭೆಗೆ ನಡೆದಳು. ಸಾಹೇಬರು ಬಂದು ಆಡು, ಗಿಡ ಎರಡನ್ನೂ ಎತ್ತಂಗಡಿ ಮಾಡಿಸುತ್ತಾರಂತೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಹಿಂದಿರುಗಿತು.

ಗಿಡ ಕಾವಲುಗಾರನದೇ. ಆಡಿನ ಮೇವಿಗೆಂದೇ ಗೋರಿಗಳ ಸಾಲಿನ ನಡುವೆ ಒತ್ತೊತ್ತಾಗಿ ಸುಬಾಬುಲ್ ನೆಟ್ಟಿದ್ದ. ಸುತ್ತಲೂ ಕಲ್ಲು ಹಾಸಿದ ಬೀದಿಗಳು. ಹಸಿರೆಂದು ಇದ್ದದ್ದು ಸತ್ತವರ ಮಗ್ಗುಲಲ್ಲಿ ಮಾತ್ರ. ಒಮ್ಮೆ ಕೊಯ್ದರೆ ಚಿಗುರು ಚೆನ್ನಾಗಿ ಬಲಿಯುವ ತನಕ ಕುಡುಗೋಲು ಮುಟ್ಟಿಸುತ್ತಿರಲಿಲ್ಲ. ಅಷ್ಟು ತಾಳ್ಮೆ ಆಡಿಗಿರಲಿಲ್ಲ, ಹಗ್ಗ ಹರಿಯಿತು. ಅದರ ಹಾಲಿನ ಮೇಲೇ ಅವನ ಹಸುಗೂಸು ಮೊಮ್ಮಗಳ ಜೀವ ನಿಂತಿತ್ತು. ಹಾಲೂಡಿಸಬೇಕಾಗಿದ್ದ ತಾಯಿ, ಅಂದರೆ ಅವನ ಮಗಳು, ಮೂರನೆಯ ಸಾಲಿನಲ್ಲಿ ಮಲಗಿದ್ದಳು.

ಗೋರಿಕಲ್ಲು ಕೆತ್ತುವವನು ಮಚ್ಚು ಹಿಡಿದೇ ಓಡಿಬಂದ.

"ಸಾಕ್ಷಿನೇ ಇಲ್ಲದ ಹಾಗೆ ಮಾಡಿಬಿಡೋಣ. ಬುಡಕ್ಕೇ ಕಡಿ!"

"ಬುಡಕ್ಕೆ ಕಡಿದ್ರೆ ಸತ್ತೇ ಹೋಗುತ್ತಣ್ಣ. ಸೊಂಟದೆತ್ತರ ಬಿಟ್ಟು ಕೊಯ್ಯಬೇಕು. ಇವು ನಿನ್ನ ಗಿರಾಕಿಗಳಲ್ಲ, ಮತ್ತೆ ಏಳಬೇಕು."

ಗೇಟಿನ ಹೂವಿನಂಗಡಿಯ ಅಕ್ಕ ನಡುವೆ ಬಾಯಿ ಹಾಕಿದಳು. "ಕಡಿಯೋದ್ಯಾಕೆ? ಸತ್ತವರಿಗೆ ನೆರಳಾಗಲಿ ಅಂತ ನೆಟ್ಟೆ ಅನ್ನು. ಸ್ವಲ್ಪ ಅತ್ತುಬಿಡು. ಅಳೋಕೆ ಬರುತ್ತೆ ತಾನೆ?"

"ಮಗಳು ಹೋದಾಗಿಂದ ಅದೇ ಕೆಲಸ, ಅಕ್ಕ."

ಅಷ್ಟರಲ್ಲಿ ಕಲ್ಲಿನವನು ಒಂದು ಗಿಡಕ್ಕೆ ಮಚ್ಚು ಬೀಸಿಯೇಬಿಟ್ಟ. ತಡೆಯಲು ಹಾರಿದ ಕಾವಲುಗಾರ, ನಾಳೆಯ ಹೆಣಕ್ಕೆಂದು ತಾನೇ ತೋಡಿಟ್ಟಿದ್ದ ಗುಂಡಿಗೆ ಮೂಟೆಯಂತೆ ಬಿದ್ದ.

ಆ ಹೊತ್ತಿಗೇ ಬಂದು ತಲುಪಿದ ಸಾಹೇಬರು ಗುಂಡಿಯೊಳಗೆ ಬಗ್ಗಿ ನೋಡಿದರು. "ಯಾರಯ್ಯ ಅದು, ಇಷ್ಟೊಂದು ಅವಸರದಲ್ಲಿರೋದು?" ಅವರ ಹಿಂದೆ ಆ ವಿಧವೆ, ಕಟಕಟೆ ಹತ್ತಿದವಳಂತೆ ಸೆಟೆದು ನಿಂತಿದ್ದಳು.

ಕಾವಲುಗಾರ ಗುಂಡಿಯಿಂದಲೇ ಕೈಮುಗಿದ. ಸತ್ತವರ ತಲೆಗೆ ಬಿಸಿಲು ತಾಗಬಾರದೆಂದು ನೆಟ್ಟದ್ದು, ಸ್ವಾಮಿ, ಎಂದ. ಮಾತು ಸುಳ್ಳು. ಆದರೆ ಮೊಮ್ಮಗಳ ಮುಖ ನೆನಪಾಗಿ ಬಂದ ಅಳು ಅಪ್ಪಟ ನಿಜ. ವಿಧವೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮೆಜಮಾನರಿಗೂ ಬಿಸಿಲು ಆಗ್ತಿರಲಿಲ್ಲ," ಎಂದು ಬಿಕ್ಕಿದಳು. ಅಕ್ಕ ಮರೆಯಿಂದ ಕಣ್ಣು ಹೊಡೆದಳು.

ಸಾಹೇಬರು ಟೋಪಿ ತೆಗೆದರು. "ಕೀಳಿಸೋಕೆ ಅಂತಲೇ ಬಂದಿದ್ದೆ. ಪಾಪ ಕಟ್ಟಿಕೊಳ್ತಿದ್ದೆನಲ್ಲಯ್ಯ! ಒಂದು ಗಿಡವನ್ನೂ ಕೀಳಲ್ಲ."

ಗುಂಡಿಯೊಳಗೆ ಕಾವಲುಗಾರನ ಜೀವ ಮರಳಿ ಬಂತು.

"ಇವತ್ತಿನಿಂದ ಇದು ಪುರಸಭೆಯ ಸ್ಮಾರಕವನ. ಒಂದು ಎಲೆಯನ್ನೂ ಯಾರೂ ಮುಟ್ಟಕೂಡದು. ಬೆಳೆದು ದೊಡ್ಡ ಮರಗಳಾಗಲಿ."

"ಆ ಆಡು?" ವಿಧವೆ ನೆನಪಿಸಿದಳು.

"ಆಡು ಸುಳಿದರೆ ಹಿಡಿದು ದೊಡ್ಡಿಗೆ ಹಾಕೋದು. ಕಾಯೋ ಹೊಣೆ ನಿನ್ನದೇ ಕಣಯ್ಯ. ನಿನಗಿಂತ ನಂಬಿಗಸ್ತ ಯಾರಿದ್ದಾರೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಿಯಿಂದ ಅವನನ್ನು ಎತ್ತಲು ಕಲ್ಲಿನವನು ಕೈ ನೀಡಿದ.

"ಇರಲಿ ಬಿಡಣ್ಣ," ಎಂದ ಕಾವಲುಗಾರ. ಆಚೆ ಅವನ ಕೊಠಡಿಯಲ್ಲಿ ಅರಚುತ್ತಿದ್ದುದು ಕೂಸೋ ಆಡೋ, ಅಲ್ಲಿಂದ ತಿಳಿಯುವಂತಿರಲಿಲ್ಲ.