ಭುಜಂಗಣ್ಣನ ಧೈರ್ಯದ ಚಿತ್ರೀಕರಣ

ಸ್ವಂತ ಮನೆಯ ಜಗಲಿಯಲ್ಲಿ, ಸ್ವಂತ ಕುರ್ಚಿಯ ಮೇಲೆ, ಸಹಜವಾಗಿ ಕುಳಿತುಕೊಳ್ಳುವುದು ಇಷ್ಟು ಕಷ್ಟದ ಕೆಲಸವೆಂದು ಕಾಪುವಿನ ಭುಜಂಗಣ್ಣನಿಗೆ ಅರುವತ್ತು ವರ್ಷ ತುಂಬುವವರೆಗೂ ತಿಳಿದಿರಲಿಲ್ಲ.

"ಅಪ್ಪಾ, ಬೆನ್ನು ಸ್ವಲ್ಪ ಸಡಿಲ ಬಿಡಿ," ಎಂದಳು ಕ್ಯಾಮೆರಾದ ಹಿಂದಿನಿಂದ ಮಗಳು ಚೈತಾಲಿ.

ಭುಜಂಗಣ್ಣ ಬೆನ್ನು ಸಡಿಲ ಬಿಟ್ಟರು. ಹೊಟ್ಟೆ ಮುಂದೆ ಬಂತು. ಹೊಟ್ಟೆಯನ್ನು ಒಳಗೆ ಎಳೆದುಕೊಂಡರು. ಬೆನ್ನು ಮತ್ತೆ ನೆಟ್ಟಗಾಯಿತು.

"ದಿನಾ ಹೇಗೆ ಕುಳಿತುಕೊಳ್ಳುತ್ತೀರೋ ಹಾಗೆ ಕುಳಿತರೆ ಸಾಕು."

"ದಿನಾ ಹೇಗೆ ಕುಳಿತುಕೊಳ್ಳುತ್ತೇನೆ ಅಂತ ನಾನು ಯಾವತ್ತು ನೋಡಿದ್ದೇನೆ?"

"ನಾನು ನೋಡಿದ್ದೇನೆ," ಎಂದು ಅಡುಗೆಮನೆಯಿಂದ ಹೆಂಡತಿ ಅಪ್ಪಿಯಕ್ಕನ ಸ್ವರ ಬಂತು. "ಒಂದು ಕಾಲು ಟೀಪಾಯಿಯ ಮೇಲೆ, ಒಂದು ಕೈ ಬನಿಯನಿನ ಒಳಗೆ."

(ಈ ಮನೆಯಲ್ಲಿ ಮಾತು ನಡೆಯುವುದು ತುಳುವಿನಲ್ಲಿ. ತುಳು ಬಾರದ ಓದುಗರ ಮೇಲಿನ ಪ್ರೀತಿಯಿಂದ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಗಳದ ರುಚಿ ಸ್ವಲ್ಪ ಕಡಿಮೆಯಾದರೆ ತಪ್ಪು ನನ್ನದು, ಅಪ್ಪಿಯಕ್ಕನದಲ್ಲ.)

ಚೈತಾಲಿ ಮಣಿಪಾಲದಲ್ಲಿ ಪದವಿ ಮುಗಿಸಿ, ಎರಡು ವರ್ಷಗಳ ಹಿಂದೆ ಪೋಲೆಂಡ್ ದೇಶದ ವುಚ್ ಎಂಬ ನಗರಕ್ಕೆ ಸಿನಿಮಾ ನಿರ್ದೇಶನ ಕಲಿಯಲು ಹೋದವಳು. ಭುಜಂಗಣ್ಣ ಈ ಸುದ್ದಿಯನ್ನು ತಮ್ಮ ಹಾರ್ಡ್‌ವೇರ್ ಅಂಗಡಿಗೆ ಮೊಳೆ ಕೊಳ್ಳಲು ಬಂದವರಿಗೆಲ್ಲ ಹೇಳಿದರು. "ಮಗಳು ವುಚ್‌ನಲ್ಲಿ ಓದುತ್ತಾಳೆ" ಎಂದರೆ, "ಉಚ್ಚಿಲದಲ್ಲಾ? ಹತ್ತಿರವೇ ಆಯಿತಲ್ಲ. ಬಸ್ಸಿನಲ್ಲಿ ಹೋಗಿಬರಬಹುದು" ಎಂದು ಅವರು ಸಂತೋಷಪಡುತ್ತಿದ್ದರು. ಕೊನೆಗೆ ಭುಜಂಗಣ್ಣ ಬಣ್ಣದ ಡಬ್ಬಿಗಳ ಮೇಲ್ಗಡೆ ಒಂದು ಭೂಪಟವನ್ನೇ ತೂಗುಹಾಕಬೇಕಾಯಿತು.

ಮಗಳು ವಾರಕ್ಕೊಮ್ಮೆ ವಿಡಿಯೋ ಕರೆ ಮಾಡಿ ತನ್ನ ಲೋಕವನ್ನು ತೋರಿಸುತ್ತಿದ್ದಳು. ಹಾಸ್ಟೆಲಿನ ಕೋಣೆಯಲ್ಲಿ ಚಿಲಿ ದೇಶದ ಒಬ್ಬಳು, ಜಾರ್ಜಿಯಾದ ಒಬ್ಬಳು. ಮೂವರಿಗೂ ಬರುವ ಇಂಗ್ಲಿಷ್ ಮೂರು ಬಗೆಯದು, ಹೊತ್ತಿಗೆ ಆಗುವ ಹಸಿವು ಮಾತ್ರ ಒಂದೇ. ಸಂಜೆ ಒಂದು ಪಿಜ್ಜಾ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಕೆಲಸ. ಹಿಟ್ಟು ಹುಳಿ ಬರಿಸಿ ಮಾಡುವ ಅಲ್ಲಿಯ ಸಾರು ನಮ್ಮ ಹಳೆಯ ಗಂಜಿಯ ದೂರದ ನೆಂಟನ ಹಾಗೆ ಉಂಟೆಂದು ಅವಳ ಸಂಶೋಧನೆ. ರಜೆಯಲ್ಲಿ ಬಸ್ಸು ಹಿಡಿದು ಪ್ರಾಗ್, ಬುಡಾಪೆಸ್ಟ್ ಎಂದು ಸಿನಿಮಾ ನೋಡಲು ಅಲೆದಳು. ನಿಲ್ದಾಣದ ಬೆಂಚಿನಲ್ಲಿ ಬ್ರೆಡ್ಡಿಗೆ ಉಪ್ಪಿನ ಸೌತೆಕಾಯಿ ನೆಂಚಿಕೊಂಡು ತಿಂದಳು. ಒಮ್ಮೆ ಉತ್ತರದ ಕಡಲತೀರಕ್ಕೆ ಹೋಗಿ, "ಅಮ್ಮಾ, ಇಲ್ಲಿಯ ಸಮುದ್ರಕ್ಕೆ ಮೀನಿನ ವಾಸನೆಯೇ ಇಲ್ಲ," ಎಂದು ಕರೆ ಮಾಡಿ ಫೋನನ್ನು ಅಲೆಗಳ ಕಡೆಗೆ ತಿರುಗಿಸಿದಳು. ಇವೆಲ್ಲವನ್ನೂ ಕೇಳಿದ ಮೇಲೆ ಅಪ್ಪಿಯಕ್ಕನ ಪ್ರಶ್ನೆ ಒಂದೇ: "ಊಟ ಆಯ್ತಾ?"

ಈಗ ಕೊನೆಯ ವರ್ಷ. 'ನೀನು ಬಿಟ್ಟು ಬಂದ ಮನೆ' ಎಂಬ ವಿಷಯದ ಮೇಲೆ ಪ್ರತಿಯೊಬ್ಬರೂ ಒಂದು ಸಣ್ಣ ಚಿತ್ರ ಮಾಡಬೇಕೆಂದು ಗುರುಗಳ ಅಪ್ಪಣೆಯಾಗಿ, ಚೈತಾಲಿ ಕ್ಯಾಮೆರಾ ಹೊತ್ತು ಊರಿಗೆ ಬಂದಿದ್ದಳು. "ಅಪ್ಪನ ಬಗ್ಗೆ ಮಾಡುತ್ತೇನೆ" ಎಂದು ಅವಳೇ ಹೇಳಿದಳು. ಭುಜಂಗಣ್ಣನ ತಲೆಯಲ್ಲಿ ಆ ಕ್ಷಣವೇ ಒಂದು ಮಹಾ ಯೋಜನೆ ಉದಯಿಸಿತು. ಅದರ ಮೂಲ ಕಾರ್ಕಳದಲ್ಲಿತ್ತು.

ಅಪ್ಪಿಯಕ್ಕನ ಅಣ್ಣ ಮುದ್ದಣ್ಣ ಕಾರ್ಕಳದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರು. ಮಾತು ಕಡಿಮೆ, ತೂಕ ಹೆಚ್ಚು. ಈ ಕಡೆಯ ಮನೆಗಳಲ್ಲಿ ಸೋದರಮಾವನೆಂದರೆ ಸುಮ್ಮನೆ ನೆಂಟನಲ್ಲ. ಸೊಸೆಯ ಬದುಕಿನ ದೊಡ್ಡ ತೀರ್ಮಾನಕ್ಕೆ ಅವನ ತಲೆ ಒಮ್ಮೆ ಆಡಬೇಕು. ಪೋಲೆಂಡಿನ ಮಾತು ಬಂದಾಗ ಮುದ್ದಣ್ಣ ಕಾಪುವಿಗೆ ಬಂದು, "ಹುಡುಗಿ ಒಬ್ಬಳೇ, ಆ ಹಿಮದ ಊರಿನಲ್ಲಿ. ನಿನಗೆ ಭಯ ಆಗುವುದಿಲ್ಲವಾ ಭುಜಂಗ?" ಎಂದು ಕೇಳಿದ್ದರು.

"ಭಯವಾ? ಭಯ ಎಂದರೆ ಎಂತ ಬಾವ? ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿ ಇದ್ದು ಬಂದವನು ನಾನು," ಎಂದು ಭುಜಂಗಣ್ಣ ನಕ್ಕುಬಿಟ್ಟರು.

ಮುದ್ದಣ್ಣ ಎದ್ದು ಹೋದವರು ಮತ್ತೆ ತಂಗಿಯ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪಿಯಕ್ಕ ಈ ಬಗ್ಗೆ ಗಂಡನನ್ನು ಒಂದು ದಿನವೂ ಬೈಯಲಿಲ್ಲ. ದಿನಕ್ಕೆ ನೂರು ವಿಷಯಕ್ಕೆ ಬೈಯುವವರು ಈ ಒಂದನ್ನು ಬಿಟ್ಟದ್ದರಿಂದಲೇ ಗಾಯ ಆಳವಾದದ್ದೆಂದು ಭುಜಂಗಣ್ಣನಿಗೆ ಗೊತ್ತಾಗುತ್ತಿತ್ತು. ಹೇಗಾದರೂ ಬಾವನನ್ನು ಕರೆತರಬೇಕು. ದೊಡ್ಡ ಪರದೆಯ ಮೇಲೆ ಧೀರ ತಂದೆಯನ್ನು ಕಂಡರೆ, ತಾನು ಮಗಳನ್ನು ಕಳುಹಿಸಿದ್ದು ಸರಿಯೆಂದು ಬಾವ ಒಪ್ಪಲೇಬೇಕು. ಇದೇ ಆ ಮಹಾ ಯೋಜನೆ.

ಆದ್ದರಿಂದ ಚಿತ್ರೀಕರಣದ ಎರಡನೆಯ ದಿನ ಭುಜಂಗಣ್ಣ ಕಾಪುವಿನ ದೀಪಸ್ತಂಭದ ಬಳಿಗೆ ಮದುಮಗನಂತೆ ಬಂದರು. ತಲೆಗೂದಲಿಗೆ ಹೊಸ ಕಪ್ಪು ಬಣ್ಣ, ಜರಿಯ ಶಲ್ಯ, ಮೈತುಂಬ ಮಸ್ಕತ್ತಿನ ಅತ್ತರು.

"ಜೋವಿನ್, ಈ ಪರಿಮಳ ರೆಕಾರ್ಡ್ ಆಗುತ್ತದಾ?" ಎಂದು ಅವರು ಧ್ವನಿಮುದ್ರಣಕ್ಕೆ ಬಂದಿದ್ದ ಚೈತಾಲಿಯ ಮಣಿಪಾಲದ ಸಹಪಾಠಿಯನ್ನು ಕೇಳಿದರು.

"ಕ್ಯಾಮೆರಾದಲ್ಲಿ ಇಲ್ಲ ಅಂಕಲ್. ನನ್ನ ಮೂಗಿನಲ್ಲಿ ಆಗಿದೆ."

"ಅಪ್ಪಾ, ಸುಮ್ಮನೆ ನಡೆದುಕೊಂಡು ಬನ್ನಿ. ನಾವು ಇಲ್ಲವೇ ಇಲ್ಲ ಅಂತ ತಿಳಿಯಿರಿ."

ಭುಜಂಗಣ್ಣ ಕೈಗಳನ್ನು ಬೆನ್ನಿಗೆ ಕಟ್ಟಿ, ಸೇತುವೆ ಉದ್ಘಾಟಿಸಲು ಬಂದ ಮಂತ್ರಿಯಂತೆ ಹೆಜ್ಜೆಯಿಟ್ಟರು. ಹತ್ತು ಮಾರು ಬರುವಷ್ಟರಲ್ಲಿ ಬಲೆ ಹೊತ್ತ ದೂಮಪ್ಪ ಎದುರಾದ. ಗುರುತಿನವನು ಎದುರಾದಾಗ ಮಾತನಾಡಿಸದೆ ಹೋಗುವ ಕಲೆ ಈ ಊರಿನಲ್ಲಿ ಯಾರಿಗೂ ಬರುವುದಿಲ್ಲ.

"ಹೋ ದೂಮಪ್ಪ, ಊಟ ಆಯ್ತಾ? ನೋಡು, ನನ್ನದು ಶೂಟಿಂಗ್ ನಡೆಯುತ್ತಾ ಉಂಟು. ಮಗಳು ಇಲ್ಲ ಅಂತ ನಾನು ತಿಳಿಯಬೇಕಂತೆ. ನೀನೂ ತಿಳಿ."

"ಎಲ್ಲಿ ಇಲ್ಲ? ಅಲ್ಲೇ ಇದ್ದಾಳಲ್ಲ," ಎಂದು ದೂಮಪ್ಪ ಕ್ಯಾಮೆರಾಕ್ಕೆ ಕೈ ಬೀಸಿದ.

ಮತ್ತೆ ಮೊದಲಿನಿಂದ. ಈ ಸಲ ಭುಜಂಗಣ್ಣ ನೇರವಾಗಿ ಕ್ಯಾಮೆರಾದ ಮುಂದೆ ನಿಂತು, "ಪ್ರಿಯ ವೀಕ್ಷಕರೇ, ಹೆಣ್ಣುಮಗಳನ್ನು ದೂರದೇಶಕ್ಕೆ ಕಳುಹಿಸಲು ತಂದೆಯಾದವನಿಗೆ ಸಿಂಹದ ಎದೆ ಬೇಕಾಗುತ್ತದೆ," ಎಂದು ಶುರುಮಾಡಿದರು. ಆಗ ಬಂದ ತೆರೆಗೆ ಸಿಂಹವು ಶಲ್ಯವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿತು.

ಚೈತಾಲಿ ನಗಲಿಲ್ಲ. ಮೆಲ್ಲನೆ ಕೇಳಿದಳು: "ಅಪ್ಪಾ, ನಾನು ಹೋದ ಮರುದಿನ ನೀವು ಎಂತ ಮಾಡಿದಿರಿ?"

"ಅಂಗಡಿ ತೆರೆದೆ. ಮತ್ತೆ ಎಂತ?" ಎಂದರು ಭುಜಂಗಣ್ಣ. ಹಾಗೆ ಹೇಳುವಾಗ ಮಾತ್ರ ಅವರು ಕ್ಯಾಮೆರಾದ ಕಡೆಗೆ ನೋಡಲಿಲ್ಲ.

ಆ ಮೇಲೆ ಚೈತಾಲಿ ತಂದೆಯನ್ನು ಚಿತ್ರೀಕರಣಕ್ಕೆ ಕರೆಯುವುದನ್ನೇ ಬಿಟ್ಟಳು. ಮನೆಯ ಹಿಂದೆ ಮುಂದೆ ಕ್ಯಾಮೆರಾ ಹಿಡಿದು ಒಬ್ಬಳೇ ತಿರುಗಿದಳು. ವಾರ ಕಳೆದು, ಚಿತ್ರ ಸಿದ್ಧವಾಯಿತೆಂದಳು.

"ನಾನು ಇದ್ದೇನಾ ಅದರಲ್ಲಿ?"

"ಪೂರ್ತಿ ನೀವೇ ಅಪ್ಪಾ."

ಇನ್ನೇನು ಬೇಕು? ಭುಜಂಗಣ್ಣ ಮಣಿಪಾಲದಲ್ಲಿ ಒಂದು ಪುಟ್ಟ ಪ್ರದರ್ಶನ ಮಂದಿರವನ್ನು ಗೊತ್ತುಮಾಡಿಸಿದರು. "ಎಲ್ಲರಿಗೂ ಫೋನಿನಲ್ಲಿ ಒಂದು ಮೆಸೇಜ್ ಹಾಕಿದರೆ ಸಾಕು," ಎಂದಳು ಮಗಳು. "ಎಂಥ ಮಾತು! ಮನೆಗೆ ಹೋಗಿ ಕರೆಯದಿದ್ದರೆ ಅದು ಹೇಳಿಕೆಯಾ?" ಎಂದು ಭುಜಂಗಣ್ಣ ಮದುವೆಗೆ ಕರೆಯುವ ಕ್ರಮದಲ್ಲಿ ಹೆಜಮಾಡಿಯಿಂದ ಹಿಡಿದು ನೆಂಟರ ಮನೆಗಳಿಗೆಲ್ಲ ಹೋದರು. ಅವರೆಲ್ಲ ಚಾ ಕೊಟ್ಟು, "ಹುಡುಗ ಯಾವ ಊರಿನವನು?" ಎಂದು ಕೇಳಿದರು. ಕೊನೆಗೆ ಕಾರ್ಕಳ.

ಮುದ್ದಣ್ಣ ಗಿರಣಿಯ ಬಾಗಿಲಲ್ಲೇ ಕುಳಿತಿದ್ದರು.

"ಬಾವ, ಶನಿವಾರ ಮಣಿಪಾಲಕ್ಕೆ ಬರಬೇಕು. ಚೈತಾಲಿ ನನ್ನ ಬಗ್ಗೆ ಸಿನಿಮಾ ಮಾಡಿದ್ದಾಳೆ."

"ನಿನ್ನ ಬಗ್ಗೆಯಾ? ಎಷ್ಟು ಹೊತ್ತಿನದು?"

"ಹದಿನೈದು ನಿಮಿಷ."

"ಅಷ್ಟು ಉಂಟಾ ನಿನ್ನಲ್ಲಿ?" ಎಂದರು ಮುದ್ದಣ್ಣ. ಭತ್ತದ ರಾಶಿಯ ಕಡೆಗೆ ತಿರುಗಿ, "ಅಪ್ಪಿ ಬರುತ್ತಾಳಾ?" ಎಂದು ಕೇಳಿದರು.

"ಬಾರದೆ?"

"ನೋಡುವ."

ಶನಿವಾರ ಮುದ್ದಣ್ಣ ಬಂದರು. ತಂಗಿಗೆ ಒಂದು ಸಲ ತಲೆಯಾಡಿಸಿ ಮೊದಲ ಸಾಲಿನಲ್ಲಿ ಕುಳಿತರು. ಭುಜಂಗಣ್ಣ ಅವರ ಪಕ್ಕದಲ್ಲೇ ಜಾಗ ಹಿಡಿದರು. ಸಿಂಹದ ಎದೆಯ ಮಾತು ಬರುವಾಗ ಬಾವನ ಮುಖ ಹೇಗಾಗುತ್ತದೆಂದು ನೋಡಬೇಕಲ್ಲ! ದೀಪ ಆರಿತು.

ಪರದೆಯ ಮೇಲೆ ಹಿತ್ತಲು. ಅಪ್ಪಿಯಕ್ಕ ಮಣೆಯ ಮೇಲೆ ಕುಳಿತು ಬೂತಾಯಿ ಮೀನು ಕೊಯ್ಯುತ್ತಿದ್ದಾರೆ. ಸುತ್ತ ಎರಡು ಬೆಕ್ಕುಗಳು. ಬಹಳ ಹೊತ್ತು ಬರಿಯ ಮೀನು, ಬರಿಯ ಕೈ.

"ಇದು ಜಾಹೀರಾತಾ?" ಎಂದರು ಮುದ್ದಣ್ಣ.

"ಹೌದು, ಇರಬೇಕು. ನಾನು ಈಗ ಬರುತ್ತೇನೆ," ಎಂದರು ಭುಜಂಗಣ್ಣ.

ಆಗ ಪರದೆಯ ಅಪ್ಪಿಯಕ್ಕ ತಲೆಯೆತ್ತದೆ ಮಾತನಾಡತೊಡಗಿದರು. ಕೆಳಗೆ ಇಂಗ್ಲಿಷ್ ಸಾಲುಗಳು ಓಡಿದವು.

"ನಿನ್ನನ್ನು ವಿಮಾನಕ್ಕೆ ಹತ್ತಿಸಿದ ಮರುದಿನ ಇವರು ಮೀನು ತರುತ್ತೇನೆಂದು ಚೀಲ ಹಿಡಿದು ಹೋದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಹುಡುಕಿಕೊಂಡು ಹೋದರೆ, ದೀಪಸ್ತಂಭದ ಹಿಂದಿನ ಬಂಡೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಯಾರಿಗೂ ಗುರುತು ಸಿಗಬಾರದೆಂದು ಚೀಲವನ್ನು ತಲೆಗೆ ಹಾಕಿಕೊಂಡಿದ್ದರು. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ 'ಭುಜಂಗ ಹಾರ್ಡ್‌ವೇರ್, ಕಾಪು' ಅಂತ ಉಂಟು."

ಮಂದಿರ ನಗೆಯಿಂದ ಅದುರಿತು. ಭುಜಂಗಣ್ಣ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದರು.

"ನಾನು ಮಾತನಾಡಿಸದೆ ಮನೆಗೆ ಹಿಂದಿರುಗಿದೆ. ಇವರು ಬಂದು, ಇವತ್ತು ದೋಣಿಯೇ ಹೋಗಿಲ್ಲ, ಮೀನಿಲ್ಲ ಎಂದರು. ನೆರೆಮನೆಯವರು ಕೊಟ್ಟ ಬಂಗುಡೆ ಮೀನಿನ ಸಾರು ಬಡಿಸಿದೆ. ಎಲ್ಲಿಂದ ಬಂತು ಅಂತ ಕೇಳಲಿಲ್ಲ, ತಿಂದರು. ಆ ಮೇಲೆ ದಿನಾ ಮೊಬೈಲಿನಲ್ಲಿ ನಿನ್ನ ಊರಿನ ಹವೆ ನೋಡುವುದು. ಅಲ್ಲಿ ಚಳಿ ಹೆಚ್ಚಾದರೆ ಇಲ್ಲಿ ಫ್ಯಾನ್ ಆರಿಸುವುದು! ಮಗಳು ನಡುಗುವಾಗ ನಮಗೆ ಗಾಳಿ ಯಾಕೆ ಅಂತೆ. ನಾನು ಸೆಕೆಯಲ್ಲಿ ಬೆಂದೆ."

ಮತ್ತೆ ನಗೆ. ಪರದೆಯ ಅಪ್ಪಿಯಕ್ಕ ಒಂದು ಮೀನಿನ ತಲೆಯನ್ನು ಬೆಕ್ಕಿಗೆ ಎಸೆದು, ಸ್ವರ ತಗ್ಗಿಸಿದರು.

"ಇವರು ಮಸ್ಕತ್ತಿಗೆ ಹೋಗುವಾಗಲೆಲ್ಲ ನಾನು ಅಳಲಿಲ್ಲ ಅಂತ ಇವರು ತಿಳಿದಿದ್ದಾರೆ. ಎಲ್ಲಿ ಅಳಬೇಕು ಅಂತ ನನಗೆ ಗೊತ್ತಿತ್ತು. ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು. ಇವರು ಯಾವಾಗಲೂ ಹೋದವರು, ಉಳಿದು ಅಭ್ಯಾಸವಿಲ್ಲ. ಹೊಸತಲ್ಲವಾ, ಅದಕ್ಕೇ ಸಮುದ್ರದವರೆಗೆ ಹೋದದ್ದು."

ಭುಜಂಗಣ್ಣ ಕತ್ತಲೆಯಲ್ಲಿ ತಿರುಗಿ ಹೆಂಡತಿಯನ್ನು ಹುಡುಕಿದರು. ಅಪ್ಪಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪರದೆಯನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ, ಪ್ರತಿ ರಜೆಯ ಕೊನೆಗೆ, ಬಚ್ಚಲಿನ ನೀರಿನ ಸದ್ದು ಭುಜಂಗಣ್ಣನಿಗೂ ಕೇಳಿಸಿತ್ತು. ಹೊರಡುವ ಗಡಿಬಿಡಿಯಲ್ಲಿ, ಇವಳಿಗೆ ಈಗಲೇ ಸ್ನಾನವೇ ಎಂದು ಅವರು ಗೊಣಗಿದ್ದೂ ಉಂಟು.

ದೀಪ ಹತ್ತಿತು. ಹದಿನೈದು ನಿಮಿಷಗಳಲ್ಲಿ ಭುಜಂಗಣ್ಣನ ಮುಖ ಒಂದು ಸಲವೂ ಪರದೆಯ ಮೇಲೆ ಬರಲಿಲ್ಲ. ಮರ್ಯಾದೆ ಮಾತ್ರ ಪೂರ್ತಿ ಬಂದು ಹೋಯಿತು. ಮನೆ ಮನೆಗೆ ಹೋಗಿ ಕರೆದ ನೆಂಟರೆಲ್ಲ ಅವರನ್ನೇ ನೋಡುತ್ತಿದ್ದರು. ಮುದ್ದಣ್ಣ ಅವರ ಕಡೆಗೆ ತಿರುಗಿದರು. ಭುಜಂಗಣ್ಣ ಬೈಗುಳಕ್ಕೆ ಸಿದ್ಧರಾದರು.

"ಭುಜಂಗ," ಎಂದರು ಮುದ್ದಣ್ಣ, "ಸಮುದ್ರದ ಬದಿಯಲ್ಲಿ ಅಳಲು ಅನುಕೂಲವಾಗುತ್ತದಾ?"

"ಎಂತ ಬಾವ?"

"ಅಲ್ಲ, ನನ್ನ ದೊಡ್ಡವಳು ಮದುವೆಯಾಗಿ ಪುಣೆಗೆ ಹೋದ ದಿನ ನಾನು ನಮ್ಮೂರ ಆನೆಕೆರೆಯ ದಂಡೆಗೆ ಹೋಗಿದ್ದೆ. ಅಲ್ಲಿ ವಾಕಿಂಗ್ ಬರುವವರು ಜಾಸ್ತಿ. ಎಲ್ಲರೂ ನಮಸ್ಕಾರ ಮುದ್ದಣ್ಣ, ನಮಸ್ಕಾರ ಮುದ್ದಣ್ಣ ಅಂತ. ಸರಿಯಾಗಿ ಆಗಲಿಲ್ಲ ಮಾರಾಯ."

ಅವರು ಎದ್ದು, ಪರದೆಯ ಪಕ್ಕದಲ್ಲಿ ಹೆದರಿ ನಿಂತಿದ್ದ ಚೈತಾಲಿಯ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಕಲಿಕೆಯ ಮೇಲೆ ನನಗೆ ಸಿಟ್ಟಿರಲಿಲ್ಲ ಮಗಾ. ಮಗಳು ಅಷ್ಟು ದೂರ ಹೋಗುವಾಗ ಅಪ್ಪನಿಗೆ ಭಯವೇ ಇಲ್ಲ ಎಂದರೆ, ನಿನ್ನ ಬಗ್ಗೆ ಯೋಚನೆ ಮಾಡುವವರು ಯಾರು ಎಂದು ನನಗೆ ಭಯವಾದದ್ದು. ಈ ಮನುಷ್ಯ ಇಷ್ಟು ಹೆದರುವವ ಅಂತ ಗೊತ್ತಿದ್ದರೆ ಆವತ್ತೇ ತಲೆ ಆಡಿಸುತ್ತಿದ್ದೆ." ಆ ಮೇಲೆ ತಂಗಿಯ ಕಡೆಗೆ ತಿರುಗಿ, "ಬೂತಾಯಿ ಉಳಿದಿದೆಯಾ ಅಪ್ಪಿ?" ಎಂದರು.

"ಆ ಮೀನು ಕೊಯ್ದು ಎರಡು ವಾರವಾಯಿತು ಅಣ್ಣ," ಎಂದು ಅಪ್ಪಿಯಕ್ಕ ಅಳುತ್ತಲೇ ನಕ್ಕರು. "ಬಾ, ಹೊಸತು ಮಾಡುತ್ತೇನೆ."

ಎರಡು ವರ್ಷ ಕಷ್ಟಪಟ್ಟು ಕಾಪಾಡಿಕೊಂಡು ಬಂದ ಧೈರ್ಯವೇ ಬಾವನನ್ನು ಮನೆಯಿಂದ ದೂರ ಇಟ್ಟಿತ್ತೆಂಬ ಸತ್ಯವನ್ನು ಭುಜಂಗಣ್ಣ ಒಂದು ಕ್ಷಣ ನುಂಗಿಕೊಂಡರು. ಆದರೂ, ಎಷ್ಟೆಂದರೂ ನೆಂಟರೆದುರಿನ ಮಾತು. ಶಲ್ಯ ಸರಿಪಡಿಸಿಕೊಂಡು ಒಮ್ಮೆ ಕೆಮ್ಮಿದರು.

"ನಾನು ಅಷ್ಟೇನೂ ಹೆದರಿರಲಿಲ್ಲ ಬಾವ..."

"ಸುಮ್ಮನಿರು ಮಾರಾಯ," ಎಂದರು ಮುದ್ದಣ್ಣ. "ಈಗಷ್ಟೇ ನಿನ್ನ ಮೇಲೆ ಸ್ವಲ್ಪ ನಂಬಿಕೆ ಬಂದದ್ದು."