ಕೋರ್ಟು ಕಳಿಸಿದ ಕಾಕಾಗ ಬಡವರ ಕಾರ್ಡು

ನಮ್ಮ ಮನಿ ಮಂದಿ ಒಂದು ಕಡಿ ಸುಮ್ಮ ಕುಂತರೂ ಅಲ್ಲಿ ಏನರ ಒಂದು ಆಗೇ ತೀರ್ತದ. ಬ್ಯಾರೆಯವರ ಕಾಕಾ ಆಸ್ಪತ್ರಿಗಿ ಹೋದರ ಗುಳಿಗಿ ತಗೊಂಡು ಮನಿಗಿ ಬರ್ತಾನ. ನಮ್ಮ ಕಾಕಾ ಬೀದರ ಆಸ್ಪತ್ರಿಗಿ ಹೋದದ್ದು ಪೊಲೀಸಪ್ಪನ ಜೋಡಿ, ಕೋರ್ಟಿನ ಹುಕುಂ ಹಿಡಕೊಂಡು, ಮಾನಸಿಕ ವಾರ್ಡಿಗಿ. ಎಂಟನೇ ಕ್ಲಾಸಿಗಿ ಸಾಲಿ ಬಿಟ್ಟ ನಾನು ಖಾಲಿ ಇದ್ದೆ, ಅವನ ಹತ್ರ ಇರ್ಲಾಕ ನನ್ನ ಕಳಿಸಿದರು. "ಅಲ್ಲಿ ಮಂಗ್ಯಾನಾಟ ಮಾಡಿದರ ಕಾಲು ಮುರೀತೇನಿ" ಅಂದಳು ನಮ್ಮ ಆಯಿ, ಅಂದ್ರ ಕಾಕಾನ ಅವ್ವ. ಆದರ ಅಲ್ಲಿ ಮಂಗ್ಯಾನಾಟಕ್ಕ ನನ್ನ ಪಾಳಿ ಬರೋದೇ ಕಷ್ಟ ಇತ್ತು. ಉಳಿದವರನ್ನ ನೋಡಿ ಬಾಯಿ ತಕ್ಕೊಂಡು ನಿಲ್ಲೋದೇ ಆತು.

ಕುರಿ ಕೋರ್ಟಿಗಿ ಹೋದದ್ದು

ನಮ್ದು ಠಾಣಾ ಕುಶನೂರ. ಕಾಕಾ ಕುರಿ ಕಾಯೋನು. ಒಂದು ವರ್ಷದಿಂದ ಅವಗ ನಿದ್ದಿ ಇಲ್ಲ. ತನ್ನ ತುಂಡು ಹೊಲ ಯಾರೋ ಕದ್ದು ಬರೆಸಿಕೊಳ್ಳಾಕತ್ತಾರ ಅಂತ ಒಂದೇ ಚಿಂತಿ. ಹೊಲ ಅಲ್ಲೇ ಇತ್ತು, ಆದರ ಯಾರು ಹೇಳಿದರೂ ನಂಬವಲ್ಲ. ಒಂದಿನ ಇಡೀ ಹಿಂಡು ಹೊಡಕೊಂಡು ಔರಾದಿಗಿ ಹೋಗಿ ಸೀದಾ ಕೋರ್ಟಿನ ಒಳಗ ನಿಂತ. ತಡೀಲಾಕ ಬಂದವರ ಮ್ಯಾಲ ಕೋಲೆತ್ತಿದ.

ಜಡ್ಜ್ ಸಾಹೇಬ್ರು ಗದರಲಿಲ್ಲ. "ಏನಪಾ ನಿನ್ನ ತಕರಾರು?" ಅಂದರು.

"ನನ್ನ ಹೊಲ ಎಲ್ಲಿ ಹೋಯ್ತು ಹೇಳ್ರಿ, ಆಮ್ಯಾಲ ಹೋಗ್ತೇನಿ."

"ಕುರಿ ಯಾಕ ತಂದಿ?"

"ಸಾಕ್ಷಿರಿ. ದಿನಾ ಅದೇ ಹೊಲದಾಗ ಮೇದಾವು."

ಸಾಹೇಬ್ರು ಡಾಕ್ಟರಿಗಿ ತೋರಿಸಿ, ಇವಗ ಜೈಲು ಬ್ಯಾಡ, ಬೀದರದಾಗ ಇಟ್ಟು ಔಷಧ ಮಾಡ್ರಿ ಅಂತ ಹುಕುಂ ಬರೆದರು. ಹೊರಗ ಒಬ್ಬ ವಕೀಲರು ಹಿಂಡು ನೋಡಿಕೋತ ನಿಂತಿದ್ದರು. "ನನ್ನ ಸಾಕ್ಷಿದಾರ ಒಬ್ಬನೂ ಹೇಳಿದ ದಿನ ಬಂದಿಲ್ಲೋ ಮಾರಾಯ. ಇವನವು ನೋಡು, ಒಂದೂ ತಪ್ಪದೇ ಬಂದಾವು!"

ಇವ ಯಾರ ಮನಿಷ್ಯಾ?

ಆಸ್ಪತ್ರ್ಯಾಗ ಒಂದು ಕೌಂಟರು. ಬಡವರ ಕಾರ್ಡು, ಅಂದ್ರ ರೇಷನ್ ಕಾರ್ಡು, ಅಲ್ಲಿ ಪಾಸಾದರ ಔಷಧ, ಊಟ, ತಪಾಸಣಿ ಎಲ್ಲಾ ಸರಕಾರದ್ದು, ಕಾಕಾ ಬೀದರದಾಗೇ ಇರ್ತಾನ. ಪಾಸಾಗಲಿಲ್ಲಂದ್ರ ಎಲ್ಲೋ ದೂರದ ದೊಡ್ಡ ಆಸ್ಪತ್ರಿಗಿ ಸಾಗಸ್ತಾರ. ಆಯಿ ದಿನಾ ಬಸ್ಸಿಗಿ ಬಂದು ಮಗನ ಮಾರಿ ನೋಡಿದರೇ ಎರಡು ತುತ್ತು ಉಣ್ಣಾಕಿ. ದೂರ ಹೋದರ ಆಕಿ ಗತಿ ಏನು?

ಕೌಂಟರ್‌ನವ ಕಾಗದ ನೋಡಿ ಅಂದ, "ಕೋರ್ಟು ಕಳಿಸಿದವ ಪೊಲೀಸರ ಮನಿಷ್ಯಾ. ಕಾರ್ಡು ನಡ್ಯಾಂಗಿಲ್ಲ."

ಪೊಲೀಸಪ್ಪ ಹೌಹಾರಿದ. "ಅರೇ ನಕ್ಕೋ ಸಾಬ್! ಇವ ಕೈದಿ ಅಲ್ಲ್ರಿ, ಪೇಷಂಟ್. ನಾ ಬರೇ ಕಾಯ್ತೇನಿ. ಕೋರ್ಟಿನ ಮನಿಷ್ಯಾರಿ ಇವ."

"ಕೋರ್ಟಿನವ ಹ್ಯಾಂಗಾಗ್ತಾನ? ಕೋರ್ಟು ಆಸ್ಪತ್ರಿಗಿ ಹೇಳ್ಯದ."

"ಹಂಗಿದ್ದರ ನಿಮ್ಮವನೇ ಆತಲ್ರಿ!"

ನಾ ಇವನ ಕಡಿ ಅವನ ಕಡಿ ತಿರುಗಿ ತಿರುಗಿ ಕುತ್ತಿಗಿ ಹಿಡೀತು. ಆಗ ಆಯಿ ಸೆರಗು ಸಿಗಿಸಿಕೊಂಡು ಮುಂದ ಬಂದಳು.

"ತಮ್ಮಾ, ನಿಂದ್ಯಾವೂರು?"

"ಖಟಕ ಚಿಂಚೋಳಿ ಆಯಿ."

"ನಿಮ್ಮ ಹೊಲದಾಗ ಗೊಬ್ಬರಕ್ಕ ಕುರಿ ಕೂಡಸ್ತೀರಿಲ್ಲೋ?"

"ಕೂಡಸ್ತೇವಿ."

"ಆವತ್ತು ಕುರಿಯವಗ ಊಟ ಯಾರದು?"

"ಹೊಲದವರದು. ನಮ್ದೇ."

"ಮತ್ತ ನನ್ನ ಮಗನ್ನ ಇಲ್ಲಿ ಕೂಡಿಸಿದ್ದು ಸರಕಾರ. ಊಟ ಯಾರು ಹಾಕಬೇಕು?"

ನಾ ದಂಗಾದೆ. ಕೌಂಟರ್‌ನವನೂ ಕಮ್ಮಿ ಇಲ್ಲ. "ಆಯಿ, ಕುರಿ ಕೂಡಿಸಿದರ ಹೊಲಕ್ಕ ಗೊಬ್ಬರ ಸಿಗ್ತದ. ನಿನ್ನ ಮಗನಿಂದ ಸರಕಾರಕ್ಕ ಏನ್ ಸಿಗ್ತದ?"

"ಅವ ಇಲ್ಲಿ ಕುಂತಾನಂತ ಅಲ್ಲಿ ಕೋರ್ಟು ನಡದದಲ್ಲೋ!"

ಅವ ಪೊಟ್ಟಂತ ನಕ್ಕು, ಮ್ಯಾಲಿನ ಸಾಹೇಬ್ರಿಗಿ ಫೋನ್ ಹಚ್ಚಿದ. ಅವರು, "ಶಿಕ್ಷಾ ಆದವ ಅಲ್ಲಲ್ಲ? ರೇಷನ್ ಕಾರ್ಡಿನ್ಯಾಗ ಹೆಸರದಲ್ಲ? ಹಂಗಿದ್ದರ ಅವನ ಹೆಬ್ಬೆಟ್ಟು ತಗೋ, ನಡೀತದ" ಅಂದರು.

ಹಾಸಿಗ್ಯಾಗ ನಾನು

ಹೆಬ್ಬೆಟ್ಟಿನ ಮಷೀನು ಕೆಟ್ಟಿತ್ತು, ನಾಳೆ ಬರ್ರಿ ಅಂದರು. ನನಗ ಹೊತ್ತು ಹೋಗವಲ್ದು. ಕಾಕಾ ಬಚ್ಚಲ ಮೋರಿ ಕಡಿ ಹೋದ ಅಂತ ತಿಳಕೊಂಡು ನಾನೇ ಅವನ ಕಂಬಳಿ ಹೊತಗೊಂಡು ಮಲಗಿ, ಅವನಂಗೇ ಕೆಮ್ಮಿದೆ. ಬಾಗಿಲದಾಗಿನ ಪೊಲೀಸಪ್ಪ ಇಣುಕಿ ನೋಡಿ ಆರಾಮ ಕುಂತ. ಅಷ್ಟರಾಗ ಸಿಸ್ಟರ್ ಬಂದರು. "ಕಾಕಾ, ಮಗ್ಗಲ ತಿರುಗ್ರಿ, ಸೂಜಿ ಅದ."

ಕಂಬಳಿ ಎಲ್ಲಿ ಬಿತ್ತೋ, ನಾ ಎಲ್ಲಿ ಜಿಗಿದೆನೋ! ಪೊಲೀಸಪ್ಪ ನನ್ನ ಕಾಲರ್ ಹಿಡಿದ. "ತೂ ಇಧರ್ ಹೈ ತೋ ವೋ ಕಿಧರ್ ಹೈ ರೇ?" ಮೋರ್ಯಾಗ ನೋಡಿದರ ಕಾಕಾ ಇಲ್ಲ. "ಗಯೀ ಮೇರಿ ನೌಕ್ರಿ!" ಅಂತ ಅವ ಓಡಿದ, ನಾನೂ ಓಡಿದೆ. ಗೇಟಿನ ಹತ್ರ ಕಾಕಾ ಎದುರು ಬಂದ, ಕೈಯಾಗ ಒಂದು ಗ್ಲಾಸ್ ಚಾ.

"ಓಡಿ ಹೋಗ್ಲಾಕತ್ತಿದ್ದೇನು?" ಅಂತ ಕೇಳಿದೆ.

"ಓಡ್ಲಾಕ ನನಗೇನು ಹುಚ್ಚೇನೋ? ಈ ಪೊಲೀಸಪ್ಪ ಮುಂಜಾನಿಂದ ನನ್ನ ಕಾಯ್ಕೋತ ಕುಂತಾನ. ಚಾಕ್ಕ ಎದ್ದರ ನಾ ಹೋಗ್ತೇನಂತ ಅವಗ ಅಂಜಿಕಿ. ಅದಕ್ಕ ನಾನೇ ಮೋರಿ ಕಡಿ ಬಾಗಿಲಿಂದ ಹೋಗಿ ತಂದೆ."

ಪೊಲೀಸಪ್ಪ ಕಾಕಾನ ಮಾರಿ ನೋಡಿಕೋತ ಚಾ ಕುಡಿದ. ಖಾಲಿ ಗ್ಲಾಸ್ ಕಾಕಾನ ಕೈಯಾಗ ಕೊಟ್ಟ. "ಚಾಚಾ, ಶಕ್ಕರ್ ಕಮ್ಮಿ ಅದ."

ಹೆಬ್ಬೆಟ್ಟು

ಮರುದಿನ ಮಷೀನು ಸುದ್ದ ಆತು, ಕಾಕಾ ಕೆಟ್ಟ. "ಹೆಬ್ಬೆಟ್ಟು ಕೊಡಾಂಗಿಲ್ಲ. ಹೆಬ್ಬೆಟ್ಟು ಒತ್ತಿದವರ ಹೊಲ ಉಳದದ್ದು ನಾ ಎಲ್ಲೂ ನೋಡಿಲ್ಲ."

"ಇದು ಹೊಲದ್ದಲ್ಲ ಕಾಕಾ, ಬರೇ ಮಷೀನು" ಅಂದ ಕೌಂಟರ್‌ನವ.

"ಮಷೀನಿನ ಹೊಟ್ಟಿ ಇನ್ನೂ ದೊಡ್ಡದಿರ್ತದ."

ಸಂಜಿ ಒಳಗ ಆಗಲಿಲ್ಲಂದ್ರ ನಾಳೆ ಗಾಡಿ ಹತ್ತಸಬೇಕು ಅಂದರು. ಆಯಿ ಕೈ ಮುಗಿದಳು, ಅತ್ತಳು. ಕಾಕಾನ ನಗಸ್ಲಾಕಂತ ನಾ ಮಷೀನಿನ ಮ್ಯಾಲ ಬೆರಳಿಟ್ಟು, ಕರೆಂಟ್ ಹೊಡದಂಗ ಧಡ್ ಅಂತ ಕೆಳಗ ಬಿದ್ದೆ. ಅವ ಎರಡೂ ಕೈ ಬಗಲಾಗ ಬಚ್ಚಿಟ್ಟುಕೊಂಡ. ಆಯಿ ಕೆರ ತಗೊಂಡು ನನ್ನ ಬೆನ್ನಟ್ಟಿದಳು.

ವಾರ್ಡಿನ ಡಾಕ್ಟರ್ ಬಾಯಿ, ಭಾಲ್ಕಿ ಕಡಿ ಹೆಣ್ಣಮಗಳು, ಬಂದು ಎಲ್ಲರನ್ನೂ ಸುಮ್ಮನಿರಿಸಿದರು. "ಅವರಿಗಿ ಒತ್ತಾಯ ಮಾಡಬ್ಯಾಡ್ರಿ. ಕಾಕಾ, ಏನ್ ಮಾಡಿದರ ನಿಮಗ ನಂಬಿಗಿ ಬರ್ತದ?"

ಕಾಕಾ ಒಂದು ಗಳಿಗಿ ವಿಚಾರ ಮಾಡಿದ. "ಮೊದಲ ನೀವೆಲ್ಲಾ ನನಗ ಹೆಬ್ಬೆಟ್ಟು ಕೊಡ್ರಿ. ನಿಮ್ಮ ಹೊಲ ನನ್ನ ಹತ್ರ ಇದ್ದರ ನನ್ನ ಹೊಲಕ್ಕ ಯಾರೂ ಕೈ ಹಚ್ಚಾಂಗಿಲ್ಲ."

ಎಲ್ಲರೂ ನಗ್ತಾರ ಅಂದುಕೊಂಡೆ. ಒಬ್ಬರೂ ನಗಲಿಲ್ಲ. ಡಾಕ್ಟರ್ ಬಾಯಿ ಒಂದು ಹಾಳಿ ತರಿಸಿ, ಶಾಯಿ ಹಚ್ಚಿಕೊಂಡು ಮೊದಲ ತಾವೇ ಒತ್ತಿದರು. "ತಗೋರಿ ಕಾಕಾ, ನಮ್ದು ಭಾಲ್ಕಿದಾಗ ಕಬ್ಬಿನ ಹೊಲ ಅದ." ಕೌಂಟರ್‌ನವ ತನ್ನ ಖಟಕ ಚಿಂಚೋಳಿ ಹೊಲಕ್ಕ ಒತ್ತಿದ. ಪೊಲೀಸಪ್ಪಗ ಹೊಲ ಇಲ್ಲ, ಮನಿ ಮುಂದಿನ ಜಾಗಾಕ್ಕ ಒತ್ತಿದ. ಅಷ್ಟು ಓದಿದವರು ಸಾಲುಹಚ್ಚಿ ಹೆಬ್ಬೆಟ್ಟು ಒತ್ತೋದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ. ಕಾಕಾ ಹಾಳಿ ಮಡಚಿ ರುಮಾಲಿನ್ಯಾಗ ಸಿಗಿಸಿಕೊಂಡು, ರಾಜಾನಂಗ ಬಂದು ಮಷೀನಿನ ಮ್ಯಾಲ ಹೆಬ್ಬೆಟ್ಟು ಇಟ್ಟ.

ಟಿಂಯ್ ಅಂತು. ಕಾರ್ಡು ಪಾಸ್! ಆಯಿ ನೆಲದ ಮ್ಯಾಲ ಕುಂತೇ ಬಿಟ್ಟಳು. ಪೊಲೀಸಪ್ಪ ನನ್ನ ಎತ್ತಿಕೊಂಡು ಕುಣಿದ.

ಕಾಕಾನ ಮಾರಿ ಮಾತ್ರ ಸಣ್ಣಗಾತು. ಕೌಂಟರಿನ ಕಿಟಕ್ಯಾಗ ಬಗ್ಗಿ, ಯಾರಿಗೂ ಕೇಳಸಬಾರದಂತ ಮೆಲ್ಲಕ ಕೇಳಿದ:

"ಸಾಹೇಬ್ರ, ಈಗ ಇಷ್ಟು ಮಂದಿ ಹೊಲ ನನ್ನ ಹೆಸರಿಗಿ ಆತಲ್ರಿ. ಇನ್ನ ನನಗ ಬಡವರ ಕಾರ್ಡು ನಡೀತದೇನ್ರಿ?"