ಭಾವನ ಹನ್ನೆರಡು ಅಡಿ ಪೈಪು

ನನ್ನ ಭಾವನಿಗೆ ತಲೆ ಸರಿಯಿದೆ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳಿಯೇನು. ಆದರೆ ವಕೀಲರು ಪೈಪಿನ ವಿಷಯ ಮಾತ್ರ ಎತ್ತಬಾರದು! ಎತ್ತಿದರೆ ಜಡ್ಜ್ ಸಾಹೇಬರ ಮಧ್ಯಾಹ್ನದ ಊಟ ತಪ್ಪಿತೆಂದೇ ತಿಳಿಯಿರಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಎಲ್ಲೆಲ್ಲಿ ಹೊಸ ಕಾರ್ಖಾನೆ ಏಳುತ್ತದೋ ಅಲ್ಲಿಗೆಲ್ಲ ಹೋಗಿ, ಯಾವ ಪೈಪಿಗೆ ಯಾವ ಉಕ್ಕು ಎಂದು ಆರಿಸಿ ಕೊಡುವುದೇ ಅವರ ಜೀವಮಾನದ ಕೆಲಸ. ಕೊನೆಯ ಕೆಲವು ವರ್ಷ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತರಾದ ಮೇಲೆ ಅಂಕೋಲೆಯಲ್ಲಿ ಮನೆ ಕಟ್ಟಿಸಿದರು. ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಅಯಸ್ಕಾಂತ. ನನಗೆ ಹೆಣ್ಣು ನೋಡಲು ತೋಡೂರಿಗೆ ಹೋದಾಗ ಅದನ್ನು ಚಹದ ಲೋಟಕ್ಕೇ ಹಿಡಿದರು. ಅಂಟಿಕೊಂಡಿತು! "ಒಳ್ಳೇ ಸ್ಟೀಲಿಗೆ ಇದು ಅಂಟೂದಿಲ್ಲ. ಇದ್ರಲ್ಲಿ ನಿಕ್ಕಲ್ಲೇ ಇಲ್ಲ, ನೋಡಿ" ಎಂದು ಹುಡುಗಿಯ ಅಪ್ಪನಿಗೆ ತೋರಿಸಿದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಇನ್ನೊಮ್ಮೆ ಕಾರವಾರದಲ್ಲಿ ಪರಿಚಯದವರೊಬ್ಬರು ತಮ್ಮ ಐಸ್ ಫ್ಯಾಕ್ಟರಿ ತೋರಿಸಲು ಕರೆದರು. ಶರಬತ್ತು ಇನ್ನೇನು ಬಾಯಿಗೆ ಬರಬೇಕು, ಭಾವ ನನ್ನ ಕೈ ಹಿಡಿದು ಹೊರಗೆ ಓಡಿದರು. ಮಾಲೀಕರೂ ಹೆದರಿ ಹಿಂದೆಯೇ ಓಡಿ ಬಂದರು.

"ಅರೇ ದೇವಾ, ಎಂತಾ ಆಯ್ತು?"

"ಅಮೋನಿಯಾ ಹೋಗೂ ಪೈಪಿಗೆ ಹಿತ್ತಾಳೆ ವಾಲ್ವ್ ಹಾಕೀರಲ್ಲ! ಆ ಗ್ಯಾಸು ಹಿತ್ತಾಳೆ ತಿಂತದೆ, ಸೋರಿದ್ರೆ ಉಸಿರೇ ಕಟ್ತದೆ. ಉಕ್ಕಿನದ್ದು ಹಾಕಿ, ಆಮೇಲೆ ನಿಮ್ಮ ಶರಬತ್ತು."

ವಾರದೊಳಗೆ ವಾಲ್ವ್ ಬದಲಾಯಿತು. ಭಾವ ಮತ್ತೆ ಹೋಗಿ ಕುಡಿಯದೆ ಬಿಟ್ಟಿದ್ದ ಶರಬತ್ತನ್ನು ಕೇಳಿ ಕುಡಿದು ಬಂದರು!

ಇಂಥವರ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಅಕ್ಕನ ಬಲಗೈ ಬಲಗಾಲು ಎರಡೂ ಬಿದ್ದುಹೋದವು. ದಿನಾ ಬಿಸಿನೀರಿನ ಸ್ನಾನ ಆಗಲೇಬೇಕೆಂದು ಡಾಕ್ಟರು ಹೇಳಿದರು. ನೀರು ಕಾಯುವ ಹಂಡೆ ಹಿತ್ತಲ ಕಡೆ; ಅಕ್ಕನಿಗಾಗಿ ಮಾಡಿಸಿದ ಹೊಸ ಬಚ್ಚಲು ಅವಳ ಕೋಣೆಗೆ ತಾಗಿ. ಗೀಸರ್ ಹಾಕೋಣವೆಂದರೆ, "ಕರೆಂಟಿನ ನೀರು ಮೈಗೆ ಹತ್ತೂದಿಲ್ಲ" ಎಂದು ಅಕ್ಕ ತೊದಲುತ್ತಲೇ ಹಟ ಹಿಡಿದಳು. ಸರಿ, ಹಂಡೆಯಿಂದ ಬಚ್ಚಲಿಗೆ ಹನ್ನೆರಡು ಅಡಿ ಪೈಪು ಎಳೆಯುವುದೆಂದಾಯಿತು. ಭಾವನಂಥವರಿಗೆ ಇದೆಷ್ಟು ಹೊತ್ತಿನ ಕೆಲಸ ಹೇಳಿ?

ಎಂಟು ತಿಂಗಳಾದರೂ ಆಗಲಿಲ್ಲ!

ಪ್ರತಿ ಭಾನುವಾರ ಕಾರವಾರದಿಂದ ಬಸ್ಸು ಹಿಡಿದು ಬಂದವನೇ ನಾನು ಕೇಳುತ್ತಿದ್ದೆ.

"ಜಿಐ ಪೈಪು ಹಾಕಿಬಿಡಿ ಭಾವ."

"ಕುದಿನೀರಿಗೆ ಆ ಸತುವಿನ ಲೇಪ ನಂಬೂಕಾಗೂದಿಲ್ಲ ಮಾರಾಯಾ."

"ಹಾಗಾದ್ರೆ ಸ್ಟೇನ್‌ಲೆಸ್?"

"ಬೇಸಿಗೆಗೆ ನಮ್ಮ ಬಾವಿಗೆ ಉಪ್ಪು ಏರ್ತದೆ. ಉಪ್ಪೂ ಬಿಸಿಯೂ ಸೇರಿದ್ರೆ ಹೊಳಪಿನ ಪೈಪು ಹೇಳದೆ ಕೇಳದೆ ಬಿರೀತದೆ."

"ಸಾದಾ ಕಪ್ಪು ಪೈಪು?"

"ತುಕ್ಕು! ನಿನ್ನಕ್ಕನ ಸೀರೆಯೆಲ್ಲ ಕೆಂಪಾಗ್ತದೆ."

ಒಂದು ಭಾನುವಾರ ನನಗೆ ಸಿಟ್ಟು ನೆತ್ತಿಗೇರಿತು. "ದೊಡ್ಡ ದೊಡ್ಡ ಕಾರ್ಖಾನೆಗೆ ಪೈಪು ಆರಿಸಿದವರು ನೀವು. ಒಂದು ಬಚ್ಚಲಿಗೆ ಆರಿಸೂಕಾಗೂದಿಲ್ವಾ?"

"ಅಲ್ಲಿ ಸುಲಭ ತಮ್ಮಾ. ತೀರಾ ತಂಪಿಗೆ ಸಾದಾ ಉಕ್ಕು ಗಾಜಿನ ಹಾಗೆ ಒಡೀತದೆ, ನಿಕ್ಕಲ್ ಸೇರಿಸಿದ್ದು ಬೇಕು. ತೀರಾ ಬಿಸಿಗೆ ಸೋತು ಹಿಗ್ತದೆ, ಕ್ರೋಮಿಯಂ ಸೇರಿಸಿದ್ದು ಬೇಕು. ಎಲ್ಲದಕ್ಕೂ ಪುಸ್ತಕ ಉಂಟು. ಬಚ್ಚಲಿಗೆ ಪುಸ್ತಕ ಇಲ್ಲ!"

ಅಕ್ಕ ಅರ್ಧ ಬಾಯಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟೂ ತಿಂಗಳು ದಿನಾ ಬೆಳಿಗ್ಗೆ ಭಾವನೇ, ನೋಯುವ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಹಿತ್ತಲಿನಿಂದ ಬಿಸಿನೀರಿನ ಬಕೆಟ್ ಹೊತ್ತು ತಂದು ಅವಳನ್ನು ಮೀಯಿಸುತ್ತಿದ್ದರು. ನೆರೆಮನೆಯವರು ಆಡಿಕೊಂಡರು. ನಾನಂತೂ ಮುಖಕ್ಕೇ ಹೇಳಿದೆ: "ನಿಮ್ಮ ಹುಚ್ಚಿಗೆ ನನ್ನಕ್ಕ ಸೊರಗ್ತಿದ್ದಾಳೆ." ಭಾವ ಟೇಪು ತೆಗೆದು ಆ ಹನ್ನೆರಡು ಅಡಿಯನ್ನು ಇನ್ನೊಮ್ಮೆ ಅಳೆದರು!

ಮಳೆಗಾಲದಲ್ಲಿ ಅಕ್ಕನಿಗೆ ಎರಡನೇ ಸಲ ಬಡಿಯಿತು. ಆಸ್ಪತ್ರೆಯಿಂದ ಅವಳು ತಿರುಗಿ ಬರಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಭಾವ ಹಂಡೆಯ ಒಲೆಗೆ ಬೆಂಕಿ ಹಾಕಿ ಅದರ ಮುಂದೆಯೇ ಕೂತಿದ್ದರು. ಅಷ್ಟು ದಿನ ತಡೆದದ್ದನ್ನು ನಾನು ಅಂದೇಬಿಟ್ಟೆ. "ಕಡೆಗೂ ಯಾವ ಪೈಪು ಅಂತ ನಿಮಗೆ ಗೊತ್ತಾಗ್ಲಿಲ್ಲ ಅಲ್ವಾ ಭಾವ?"

"ಮೊದಲನೇ ದಿನವೇ ಗೊತ್ತಿತ್ತು" ಎಂದರು, ಬೆಂಕಿಯಿಂದ ಕಣ್ಣು ಎತ್ತದೆ. "ಸಾದಾ ಜಿಐ ಸಾಕಾಗಿತ್ತು. ಹಾಳಾದ್ರೆ ನಾಲ್ಕು ವರ್ಷಕ್ಕೆ ಬದಲು ಮಾಡಿದ್ರಾಯ್ತು. ಹನ್ನೆರಡು ಅಡಿಗೆ ಎಷ್ಟು ಬುದ್ಧಿ ಬೇಕು?"

"ಮತ್ತೆ?"

"ನಿನ್ನಕ್ಕ ಬೇಡ ಹೇಳ್ದಳು. 'ಪೈಪು ಹಾಕಿದ್ರೆ ನೀರು ಬರ್ತದೆ, ನೀವು ಬರೂದಿಲ್ಲ' ಹೇಳ್ದಳು. ಹೌದಲ್ಲ? ನಮ್ಮ ಮದುವೆಯಾದ ಮೇಲೆ ಬೆಳಗಿನ ಹೊತ್ತು ನಾನು ಮನೇಲಿದ್ದದ್ದು ಯಾವಾಗ? ಯಾವುದೋ ಊರು, ಯಾವುದೋ ಶಿಫ್ಟು." ಒಲೆಯ ಸೌದೆಯನ್ನು ಒಳಗೆ ನೂಕಿದರು. "ಇದನ್ನ ಊರ ಮುಂದೆ ಹೇಳೂಕಾಗ್ತದಾ? ಅವಳಿಗೆ ನಾಚಿಕೆ. ಅದಕ್ಕೇ ಒಂದೊಂದು ವಾರ ಒಂದೊಂದು ಪೈಪಿನ ತಪ್ಪು ಹೇಳ್ತಾ ಬಂದೆ."

ಎಂಟು ತಿಂಗಳು ಅವರಿಗೆ ಅಂದ ಮಾತೆಲ್ಲ ಒಟ್ಟಿಗೆ ನೆನಪಾಗಿ ನನಗೆ ಅಳು ಬಂತು. ನೀರು ಕಾದಿತ್ತು. ಅಕ್ಕ ಹೋದಂದಿನಿಂದ ಭಾವ ಬಿಸಿನೀರು ಮುಟ್ಟಿರಲಿಲ್ಲ. ನಾನೇ ಬಕೆಟ್ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಅಕ್ಕನ ಬಚ್ಚಲಿಗೆ ಒಯ್ದಿಟ್ಟು ಕೂಗಿದೆ.

"ಬನ್ನಿ ಭಾವ, ನೀರು ಆರ್ತದೆ. ಬೆನ್ನು ನಾನು ತಿಕ್ತೆ."